ಯಾರ ಕೆಳಗೂ ಇರದ ವ್ಯಾಪಾರಿ

“ಅಜ್ಜಾರ, ಅಂಡರ್ ಅಂದ್ರ ಏನ್ರಿ?”

ಕೇಳಿದವರು ಕಲ್ಲಿನಾಥ ಮಾಸ್ತರರು. ಇಂಗ್ಲಿಷ್ ಕಲಿಸಿ ಕಲಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಕೇಳಿದ್ದು ಮಠದ ಗುರುಗಳನ್ನು. ಗುರುಗಳು ಪಡಸಾಲೆಯ ನೆಲದ ಮೇಲೆ ಕುಳಿತು, ಮೊರದಲ್ಲಿ ದಾಸೋಹದ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಅವರು ಶಾಲೆಗೆ ಹೋದದ್ದೇ ನಾಲ್ಕನೆಯ ಇಯತ್ತೆಯವರೆಗೆ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ಬಸ್ಸು, ಲೈಟು, ಡಾಕ್ಟರು, ಅಷ್ಟೇ.

“ಕಲಸಾವ್ರು ನೀವು, ಕೇಳೂದು ನನ್ನ? ಬಾವಿನೇ ಬಂದು ಕೊಡದ ಹತ್ರ ನೀರು ಕೇಳಿದಂಗಾತಲ್ಲ,” ಎಂದರು ಗುರುಗಳು.

ಮಾಸ್ತರರು ನಗಲಿಲ್ಲ. ಆ ಪದದ ಅರ್ಥ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಗಿತ್ತು.

ಆ ದಿನ ಬೆಳಗ್ಗೆ ಅವರು ತರಗತಿಯಲ್ಲಿ ಕಲಿಸಿದ್ದು ಅದೇ ಪಾಠ. ಅಂಡರ್, ಬಿಲೋ. ನಿಘಂಟು ತೆಗೆದರೆ ಎರಡಕ್ಕೂ ಒಂದೇ ಅರ್ಥ ಬರೆದಿರುತ್ತದೆ: ಕೆಳಗೆ. ಆದರೆ ಬಳಸುವ ರೀತಿ ಬೇರೆ. ಗುಡ್ಡದ ತುದಿಯಲ್ಲಿ ನಿಂತು ನೋಡಿದರೆ ಊರು ಕೆಳಗೆ ಕಾಣುತ್ತದೆ. ಅದು ಬಿಲೋ, ಬರೀ ಮಟ್ಟದ ಮಾತು. ಮೇಜಿನ ಅಡಿಯಲ್ಲಿ ಬೆಕ್ಕು ಮಲಗಿದರೆ ಅದು ಅಂಡರ್. ಕೊಡೆಯ ಅಡಿಯಲ್ಲಿ ಮನುಷ್ಯ, ತೊಲೆಯ ಅಡಿಯಲ್ಲಿ ಕಂಬ, ಇವೂ ಅಂಡರ್. ಮಾಸ್ತರರು ಪಾಠ ಮಾಡುವುದೆಂದರೆ ಹೀಗೆಯೇ, ಮಕ್ಕಳಿಗೆ ನಾಟಕ ನೋಡಿದ ಹಾಗಾಗಬೇಕು. ತಾವೇ ಮೇಜಿನ ಕೆಳಗೆ ತೂರಿ, “ವೇರ್ ಇಸ್ ಯುವರ್ ಟೀಚರ್?” ಎಂದು ಕೂಗಿದರು. “ಅಂಡರ್ ದಿ ಟೇಬಲ್!” ಎಂದು ಮಕ್ಕಳು ಸೂರು ಹಾರುವ ಹಾಗೆ ಒದರಿದರು. ಮೈ ಕೊಡವಿಕೊಂಡು ಹೊರಗೆ ಬಂದ ಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ಒಬ್ಬರ ಅಧಿಕಾರದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ಅದಕ್ಕೂ ಅಂಡರ್ ಎನ್ನುತ್ತಾರೆ, ಎಂದರು.

ಆಗ ಮುಂದಿನ ಸಾಲಿನ ಹುಡುಗಿಯೊಂದು ಎದ್ದು ನಿಂತು ಕೇಳಿತು. “ಹಂಗಾದ್ರ ಸರ, ನೀವೀಗ ದೊಡ್ಡಕ್ಕಾರ ಅಂಡರ್ ಏನ್ರಿ?”

ಹುಡುಗಿಗೆ ಪಾಠ ತಿಳಿದಿತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮಾಸ್ತರರ ಮುಖ ಕೆಂಪಾಯಿತು.

ದೊಡ್ಡಕ್ಕಾರು ಎಂದರೆ ಶಾಲೆಗೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ದ್ರಾಕ್ಷಾಯಣಿ. ಇದೇ ಊರಿನ ಹೆಣ್ಣುಮಗಳು, ಇದೇ ಶಾಲೆಯಲ್ಲಿ ಕಲ್ಲಿನಾಥ ಮಾಸ್ತರರ ಹತ್ತಿರವೇ ಓದಿದವಳು. ಆ ಕುರ್ಚಿ ಈ ಸಲ ತಮಗೇ ಎಂದು ಮಾಸ್ತರರು ತಿಳಿದಿದ್ದರು. ಬಂದ ದಿನ ದ್ರಾಕ್ಷಾಯಣಿ ಎಲ್ಲರ ಎದುರಿಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮರುದಿನ ವೇಳಾಪಟ್ಟಿ ಕೊಟ್ಟಳು. ಅದರಲ್ಲಿ ಮಾಸ್ತರರಿಗೆ ಮಧ್ಯಾಹ್ನದ ಊಟ ಮುಗಿದ ಕೂಡಲೇ ಒಂದು ಪಾಠವಿತ್ತು. ಆ ಹೊತ್ತಿನಲ್ಲಿ ಮಕ್ಕಳು ತೂಕಡಿಸುತ್ತಾರೆ, ಅವರನ್ನು ಎಚ್ಚರವಾಗಿ ಇಡಬಲ್ಲವರು ನೀವೊಬ್ಬರೇ ಎಂದು ಅವಳು ಹೇಳಿದ್ದೂ ಉಂಟು. ಮಾಸ್ತರರ ಕಿವಿಗೆ ಅದು ಬೀಳಲಿಲ್ಲ. ಅವರಿಗೆ ಈಗ ಕೇಳಿಸುತ್ತಿದ್ದದ್ದು ಒಂದೇ ಪದ, ಅಂಡರ್.

“ನಾಳೆ ರಾಜೀನಾಮೆ ಕೊಟ್ಟು ಮನ್ಯಾಗ ಕೂಡ್ತೀನ್ರಿ. ನಾ ಯಾರ ಅಂಡರೂ ಇರಾಂವಲ್ಲ,” ಎಂದರು.

“ಮನ್ಯಾಗ ಕುಂತ್ರ ಮನಿಯಾಕಿ ಅಂಡರ್ ಆಗೂದಿಲ್ಲೇನು?” ಎಂದು ಗುರುಗಳು ಕೇಳಿದರು.

ಮಾಸ್ತರರಿಗೆ ಇದಕ್ಕೂ ನಗು ಬರಲಿಲ್ಲ. ಶಾಲೆ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ರವಿವಾರ ಬಂದರೆ ಸೋಮವಾರ ಯಾವಾಗ ಬರುತ್ತದೋ ಎಂದು ಕಾಯುವ ಮನುಷ್ಯ ಅವರು. ಬಿಡುತ್ತೇನೆ ಎಂದು ಹೇಳುವಾಗಲೇ ಅವರ ಕಣ್ಣು ಶಾಲೆಯ ದಾರಿಯ ಕಡೆಗೆ ಹೋಗಿತ್ತು. ಗುರುಗಳು ಅದನ್ನು ಕಂಡರು.

“ನಿಮ್ಮಂಗ ಅಂದಾಂವ ಹಿಂದ ಒಬ್ಬ ಇದ್ದ. ಕೂಡ್ರಿ, ಹೇಳ್ತೀನಿ. ಕೈ ಖಾಲಿ ಯಾಕ? ಹರಳು ಆರಸ್ರಿ,” ಎಂದು ಮೊರವನ್ನು ಇಬ್ಬರ ನಡುವೆ ಸರಿಸಿ ಗುರುಗಳು ಕತೆ ಸುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹತ್ತಿಯ ವ್ಯಾಪಾರಿ. ಹುಟ್ಟಾ ಸಿರಿವಂತನಲ್ಲ. ಚಿಕ್ಕಂದಿನಲ್ಲಿ ಇನ್ನೊಬ್ಬ ಸಾಹುಕಾರನ ಅಂಗಡಿಯಲ್ಲಿ ದುಡಿದು ಹೊಟ್ಟೆ ಹೊರೆದವನು. ಆ ಸಾಹುಕಾರನಿಗೆ ಒಂದು ಕೆಟ್ಟ ಚಾಳಿಯಿತ್ತು. ಆಳುಗಳಿಗೆ ರೊಟ್ಟಿ ಕೊಡುವಾಗ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು ಮೇಲಿನಿಂದ ಬಿಡುತ್ತಿದ್ದ. ಹಿಡಿದರೆ ಹೊಟ್ಟೆಗೆ, ತಪ್ಪಿದರೆ ಮಣ್ಣಿಗೆ. ಒಂದು ದಿನ ರೊಟ್ಟಿ ಮಣ್ಣಿಗೆ ಬಿತ್ತು. ಅದನ್ನು ಕೊಡವಿಕೊಂಡು ತಿನ್ನುತ್ತ ಆ ಹುಡುಗ ಮನಸ್ಸಿನಲ್ಲೇ ಆಣೆ ಮಾಡಿದ. ಇನ್ನು ಮೇಲೆ ನನ್ನ ಕೈ ಯಾರ ಕೈಯ ಕೆಳಗೂ ಹೋಗಬಾರದು.

ಆಣೆ ತಪ್ಪೇನಲ್ಲ. ಹೊಟ್ಟೆ ಉರಿದವನು ಮಾಡಿದ ಆಣೆ. ಆದರೆ ಹುಡುಗ ಬೆಳೆದು ದೊಡ್ಡವನಾದ, ಸ್ವಂತ ವ್ಯಾಪಾರ ಹಿಡಿದ, ಕೈ ಹತ್ತಿತು. ಅವನ ಜೊತೆಗೆ ಆಣೆಯೂ ಉಂಡು ತಿಂದು ಬೆಳೆಯಿತು.

ಅವನು ದಾನ ಮಾಡುವುದರಲ್ಲಿ ಹಿಂದೆ ಬಿದ್ದವನಲ್ಲ. ಕೊಡುವಾಗ ಕೈ ಮೇಲೆ ಇರುತ್ತದೆಯಲ್ಲ, ಆದ್ದರಿಂದ ಕೊಡುವುದೆಂದರೆ ಅವನಿಗೆ ಹಬ್ಬ. ತೆಗೆದುಕೊಳ್ಳುವುದು ಮಾತ್ರ ಆಗದು. ಯಾರಾದರೂ ಎಲೆ ಅಡಿಕೆ ಕೊಟ್ಟರೆ, “ಅಲ್ಲಿ ಇಡ್ರಿ,” ಎನ್ನುತ್ತಿದ್ದ. ಅವರು ಇಟ್ಟ ಮೇಲೆ ತಾನೇ ಎತ್ತಿಕೊಳ್ಳುತ್ತಿದ್ದ. ಗುಡಿಗೆ ಹೋದರೆ ಪೂಜಾರಿಯ ಎದುರು ಅಂಗೈ ಒಡ್ಡಿ ತೀರ್ಥ ತೆಗೆದುಕೊಳ್ಳಬೇಕು. ಅದಕ್ಕೆ ಮನೆಯಿಂದಲೇ ಒಂದು ಬೆಳ್ಳಿ ಬಟ್ಟಲು ಒಯ್ದ. ಪೂಜಾರಿ ಬಟ್ಟಲಿಗೆ ಹಾಕಿ ಕಟ್ಟೆಯ ಮೇಲೆ ಇಡಬೇಕು, ಇವನು ಎತ್ತಿ ಕುಡಿಯಬೇಕು. ಪೂಜಾರಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಗುಡಿಯ ಗಂಟೆ ಮಾತ್ರ ಇವನ ತಲೆಯ ಮೇಲೆಯೇ ತೂಗುತ್ತಿತ್ತು. ಅದನ್ನು ಇಳಿಸಿ ಎಂದು ಕೇಳುವ ಧೈರ್ಯ ಅವನಿಗೂ ಬರಲಿಲ್ಲ.

ಕೈಯಿಂದ ಸುರುವಾದದ್ದು ಆಮೇಲೆ ತಲೆಗೂ ಏರಿತು. ಮನೆಯಲ್ಲಿ ಅಟ್ಟವಿತ್ತು. ಕೆಲಸದವರು ಕಾಳು ತೆಗೆಯಲು ಅಟ್ಟ ಹತ್ತಿದರೆ ಅವರ ಕಾಲು ತನ್ನ ತಲೆಯ ಮೇಲೆ ಬರುತ್ತದೆ ಎಂದು ಅಟ್ಟ ಕೀಳಿಸಿದ. ಅಂಗಡಿಯಲ್ಲಿ ಹತ್ತಿಯ ಅಂಡಿಗೆಗಳನ್ನು, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲಗಳನ್ನು, ಒಂದರ ಮೇಲೊಂದು ಒಟ್ಟಿಸಿ ಅದರ ತುದಿಯಲ್ಲಿ ಕುಳಿತು ವ್ಯಾಪಾರ ಮಾಡಿದ. ಕೊಳ್ಳಲು ಬಂದವರು ಕುತ್ತಿಗೆ ಎತ್ತಿ ಮಾತಾಡಿ ಮಾತಾಡಿ ಸಂಜೆಗೆ ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಫಜೀತಿಯಾದದ್ದು ಕ್ಷೌರದಲ್ಲಿ. ಕ್ಷೌರ ಮಾಡುವವನು ನಿಂತಿರುತ್ತಾನೆ, ಮಾಡಿಸಿಕೊಳ್ಳುವವನು ಕುಳಿತಿರುತ್ತಾನೆ. ಇದು ಲೋಕಾರೂಢಿ. ನಮ್ಮ ವ್ಯಾಪಾರಿಗೆ ಇದು ಹಿಡಿಸಲಿಲ್ಲ. ಹಿತ್ತಲಿನಲ್ಲಿ ಎದೆಮಟ್ಟದ ಒಂದು ತಗ್ಗು ತೋಡಿಸಿ ಕ್ಷೌರಿಕನನ್ನು ಅದರಲ್ಲಿ ಇಳಿಸಿದ. ತಾನು ದಂಡೆಯ ಮೇಲೆ ಮಣೆ ಹಾಕಿಕೊಂಡು ಕುಳಿತ. ಪಾಪ ಕ್ಷೌರಿಕ ತುದಿಗಾಲಿನಲ್ಲಿ ನಿಂತು, ಕೈ ಮೇಲೆತ್ತಿ, ಅಂದಾಜಿನ ಮೇಲೆ ಕತ್ತಿ ಆಡಿಸಿದ. ಎಡಗಡೆಯ ಮೀಸೆ ಹಾರಿಹೋಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇವನು ಬೀಳಲೇ ಇಲ್ಲ, ಮೀಸೆ ಮಣ್ಣುಪಾಲಾಯಿತು.

ಅವನ ಹೆಂಡತಿ ಬಾಯಿ ಜೋರಿನವಳು, ಮನಸ್ಸು ಮೆತ್ತಗಿನವಳು. ಅರ್ಧ ಮೀಸೆಯ ಗಂಡನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಅಲ್ರೀ, ಅಟ್ಟ ಇಳಿಸಿದ್ರಿ. ತಲಿ ಮ್ಯಾಲ ಮುಗಲ ಐತಲ್ಲ, ಅದನ್ನ ಎಲ್ಲಿ ಇಳಸ್ತೀರಿ?” ಎಂದು ಕೇಳಿದಳು.

“ಮುಗಲಿಗೆ ಕೈ ಇಲ್ಲ. ಅದು ಇದ್ರ ಇರ್ಲಿ,” ಎಂದ ವ್ಯಾಪಾರಿ.

ಅವನಿಗೆ ಒಬ್ಬಳೇ ಮಗಳು. ಹೊಳೆಯಾಚೆಯ ಊರಿನ ಒಬ್ಬ ರೈತನ ಮಗನಿಗೆ ಕೊಟ್ಟು ಮದುವೆ ಮಾಡಿದ. ಮದುವೆಯಲ್ಲಿ ವ್ಯಾಪಾರಿಯಷ್ಟು ಖುಷಿಪಟ್ಟವರು ಇನ್ನೊಬ್ಬರಿಲ್ಲ. ಧಾರೆ ಎರೆಯುವಾಗ ಹೆಣ್ಣು ಕೊಡುವವನ ಕೈ ಮೇಲೆ ಎಂದು ಶಾಸ್ತ್ರವೇ ಹೇಳಿತಲ್ಲ! ಬೀಗನಾದ ರೈತ ಏನೂ ಅಂದುಕೊಳ್ಳಲಿಲ್ಲ. ಅವನು ಜೀವನವಿಡೀ ಬಗ್ಗಿ ಕಳೆ ಕಿತ್ತವನು. ಬಗ್ಗಿದರೆ ಏನೋ ಕಡಿಮೆಯಾಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡುಕೂಸು ಹುಟ್ಟಿತು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹೆಸರಿಡುವ ದಿನದ ತನಕ ಮನೆಯ ಗಂಡಸರು ಕೂಸನ್ನು ಎತ್ತಿಕೊಳ್ಳುವ ಹಾಗಿಲ್ಲ. ಆ ದಿನ ತೊಲೆಗೆ ತೊಟ್ಟಿಲು ಕಟ್ಟುತ್ತಾರೆ. ತಾಯಿಯ ತಂದೆ ತೊಟ್ಟಿಲ ಕೆಳಗೆ ಬರಿ ನೆಲದ ಮೇಲೆ ಕೂರಬೇಕು. ಹೆಂಗಸರು ಕೂಸನ್ನು ತೊಟ್ಟಿಲ ಮೇಲೊಮ್ಮೆ, ಕೆಳಗೊಮ್ಮೆ ಕೈಯಿಂದ ಕೈಗೆ ದಾಟಿಸುತ್ತಾರೆ. ಕಡೆಗೆ ಕೆಳಗೆ ಕುಳಿತ ಅಜ್ಜ ಎರಡೂ ಕೈ ಒಡ್ಡಿ ಕೂಸನ್ನು ತೆಗೆದುಕೊಂಡು ಕಿವಿಯಲ್ಲಿ ಹೆಸರು ಹೇಳುತ್ತಾನೆ. ಕೂಸನ್ನು ಮೊದಲು ಎತ್ತಿಕೊಂಡ ಗಂಡಸು ಅವನೇ ಆಗುತ್ತಾನೆ. ಅವನು ಒಲ್ಲೆನೆಂದರೆ ಆ ಭಾಗ್ಯ ಅಪ್ಪನ ಅಪ್ಪನಿಗೆ.

ವ್ಯಾಪಾರಿ ಬಾಣಂತಿ ಕೋಣೆಯ ಬಾಗಿಲಿಗೆ ಬಂದು ಬಂದು ನಿಲ್ಲುತ್ತಿದ್ದ. ಒಳಗಿನಿಂದ ಕೂಸು ಅಳುವುದು ಕೇಳಿದರೆ ಅಂಗಡಿಯ ಗಿರಾಕಿಯನ್ನು ಬಿಟ್ಟು ಓಡಿ ಬರುತ್ತಿದ್ದ. ಅಳು ನಿಂತರೆ ಯಾಕೆ ನಿಂತಿತು ಎಂದು ಕೇಳುತ್ತಿದ್ದ. ಒಂದು ಸಲ ಹೆಂಡತಿ ಬಾಗಿಲು ಸ್ವಲ್ಪ ತೆರೆದು ಕೂಸಿನ ಒಂದು ಪಾದವನ್ನಷ್ಟೇ ತೋರಿಸಿದಳು. ಆ ಪಾದ ನೆನೆದುಕೊಂಡು ಅವನು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಕೂಸನ್ನು ಎತ್ತಿಕೊಳ್ಳಬೇಕು ಎನ್ನುವ ಆಸೆಯ ಮುಂದೆ ಅವನು ಅದುವರೆಗೆ ಆಸೆಪಟ್ಟದ್ದೆಲ್ಲ ಸಪ್ಪೆಯಾಗಿತ್ತು. ಆದರೆ ನೆಲದ ಮೇಲೆ ಕೂರುವುದು? ಅಂಗೈ ಒಡ್ಡುವುದು? ಮೇಲಿನಿಂದ ಯಾರೋ ಕೊಡುವುದು, ಕೆಳಗೆ ಕುಳಿತು ತಾನು ಹಿಡಿಯುವುದು? ಮಣ್ಣಿಗೆ ಬಿದ್ದ ರೊಟ್ಟಿ ಅವನಿಗೆ ಇನ್ನೂ ಮರೆತಿರಲಿಲ್ಲ.

ಹಠವೂ ಬಿಡಬಾರದು, ಕೂಸೂ ಸಿಗಬೇಕು. ವ್ಯಾಪಾರಿಯ ಬುದ್ಧಿ ಕೇಳಬೇಕೆ? ಒಂದು ಉಪಾಯ ಹೂಡಿದ.

ಹೆಸರಿಡುವ ದಿನ ಜನ ಬಂದು ನೋಡುತ್ತಾರೆ, ಪಡಸಾಲೆಯ ನಡುವೆ ಹತ್ತಿಯ ಅಂಡಿಗೆಗಳ ಒಂದು ಗುಡ್ಡ! ಅದರ ತುದಿಯಲ್ಲಿ ಜರಿ ರುಮಾಲು ಸುತ್ತಿಕೊಂಡು ವ್ಯಾಪಾರಿ ಕುಳಿತಿದ್ದಾನೆ. ಅವನ ನೆತ್ತಿಯ ಮೇಲೆ, ಸೂರಿಗೆ ತಾಗುವ ಹಾಗೆ, ತೊಟ್ಟಿಲು ಕಟ್ಟಿಸಿದ್ದಾನೆ. ಪದ್ಧತಿಯ ಪ್ರಕಾರ ಅವನು ತೊಟ್ಟಿಲ ಕೆಳಗೆ ಕುಳಿತ ಹಾಗೂ ಆಯಿತು. ನೆರೆದ ಜನವೆಲ್ಲ ಅವನ ಕಾಲಿಗಿಂತ ಕೆಳಗೆ ನಿಂತ ಹಾಗೂ ಆಯಿತು. ಹೆಂಗಸರಿಗೆ ಹತ್ತಲು ಒಂದು ಏಣಿ ಇಡಿಸಿದ್ದ.

ಹೆರಿಗೆ ಮಾಡಿಸಿದ ಮುದುಕಿ ಸೊಂಟದ ಮೇಲೆ ಕೈ ಇಟ್ಟು ಏಣಿ ನೋಡಿದಳು, ಮೇಲೆ ನೋಡಿದಳು. “ಹೆಸರಿಡಾಕ ಬಂದೇವೋ, ಹುಣಸಿಮರಾ ಹತ್ತಾಕ ಬಂದೇವೋ?” ಎಂದಳು. ಪಡಸಾಲೆಯಲ್ಲಿ ನಗುವಿನ ಹೊಳೆ ಹರಿಯಿತು. ಒಬ್ಬಿಬ್ಬರು ಹುಡುಗಿಯರು ಹುರುಪಿನಿಂದ ಏಣಿ ಹತ್ತಲು ಹೋಗಿ, ಸೀರೆ ಸಿಕ್ಕಿಕೊಂಡು ನಗುತ್ತ ಇಳಿದರು.

ಮಗಳು ಕೂಸನ್ನು ಎದೆಗೆ ಅವಚಿಕೊಂಡು ಏಣಿಯ ಬುಡದಲ್ಲಿ ಬಂದು ನಿಂತಳು. ಅವಳು ಮಾತ್ರ ನಗಲಿಲ್ಲ.

“ಯಪ್ಪಾ, ಅಷ್ಟು ಎತ್ತರಕ್ಕ ನನ್ನ ಕೂಸು ಬರೂದಿಲ್ಲ. ನೀ ಕೆಳಗ ಬಾ,” ಎಂದಳು.

“ಇಷ್ಟು ದಿನ ಇಳಿದಿಲ್ಲ. ಇವತ್ತು ಊರೆಲ್ಲ ನೋಡೂ ಹೊತ್ತಿನ್ಯಾಗ ಇಳೀಲೇನು?”

“ಹಂಗಾದ್ರ ನಮ್ಮ ಮಾವಾರು ಕೂಡ್ತಾರ, ಬಿಡು.”

ಅವಳಿಗೂ ಅಪ್ಪನ ಮೂಗೇ ಬಂದಿತ್ತು, ಅಪ್ಪನ ಹಠವೂ ಬಂದಿತ್ತು. ಅಳಿಯ ತೊಟ್ಟಿಲು ಬಿಚ್ಚಿ, ಪಡಸಾಲೆಯ ಆ ಬದಿಯ ತೊಲೆಗೆ ಎಲ್ಲ ಮನೆಗಳಲ್ಲಿ ಕಟ್ಟುವ ಹಾಗೆ ಇಳಿಬಿಟ್ಟು ಕಟ್ಟಿದ. ಏಣಿ ದಾರಿಗೆ ಅಡ್ಡವಾಗುತ್ತದೆ ಎಂದು ಯಾರೋ ಅದನ್ನು ಎತ್ತಿ ಹೊರಗೆ ಇಟ್ಟರು. ರೈತ ಪಂಚೆ ಮೇಲಕ್ಕೆ ಸರಿಸಿಕೊಂಡು ತೊಟ್ಟಿಲ ಕೆಳಗೆ ನೆಲದ ಮೇಲೆ ಕುಳಿತ. ಹೆಂಗಸರು ಸುತ್ತಲೂ ನೆರೆದರು. ಹಾಡು ಸುರುವಾಯಿತು.

“ಕೂಸು ಬಂತು ಕೂಸು, ಯಾರಿಗೆ ಕೊಡಲೇ?”

“ಕೆಳಗ ಯಾರು ಕುಂತಾರ, ಅವರಿಗೆ ಕೊಡಲೇ!”

ವ್ಯಾಪಾರಿ ಅಂಡಿಗೆಯ ಗುಡ್ಡದ ಮೇಲೆ ಒಬ್ಬನೇ ಉಳಿದ. ಎತ್ತರದಲ್ಲಿ ಇದ್ದವನಿಗೆ ಎಲ್ಲ ಕಾಣುತ್ತದೆ ಎನ್ನುತ್ತಾರೆ. ಅವನಿಗೆ ಕಂಡದ್ದು ಹೆಂಗಸರ ತುರುಬು. ಎಲ್ಲರೂ ಕೂಸಿನ ಕಡೆಗೆ ಬಗ್ಗಿದ್ದರು. ಕೂಸಿನ ಮುಖ ತುರುಬುಗಳ ನಡುವೆ ಎಲ್ಲೋ ಮುಚ್ಚಿಹೋಗಿತ್ತು. ಆ ಕಡೆಯಿಂದ ಕತ್ತು ಚಾಚಿದ, ಈ ಕಡೆಯಿಂದ ಚಾಚಿದ. ಕಾಣಲಿಲ್ಲ. ಕೂಸು ಕೈಯಿಂದ ಕೈಗೆ ದಾಟುತ್ತ ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಂದು ಸುತ್ತು ಮುಗಿದರೆ ಆ ಭಾಗ್ಯ ಬೀಗನದು. ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ನಾಚಿಕೆಯನ್ನೂ ಬಿಟ್ಟು ರುಮಾಲಿನ ಚುಂಗಿನಿಂದ ಒರೆಸಿಕೊಂಡ.

ಅಷ್ಟರಲ್ಲಿ ಕೆಳಗೆ ಕುಳಿತಿದ್ದ ರೈತ ತನ್ನ ಎರಡೂ ಅಂಗೈಗಳನ್ನು ಚಾಚಿದವನು, ಅವನ್ನು ತಿರುವಿ ಮುರುವಿ ನೋಡಿಕೊಂಡ. ಕುಡುಗೋಲು, ನೇಗಿಲು ಹಿಡಿದ ಕೈಗಳು. ಜಡ್ಡುಗಟ್ಟಿ ಬಿರಿದಿದ್ದವು. ಅವನು ತಲೆ ಎತ್ತಿ ಹಾಡಿನ ಗದ್ದಲದ ನಡುವೆ ಕೂಗಿ ಹೇಳಿದ.

“ಬೀಗರ, ನನ್ನ ಕೈ ಬಾಳ ಬಿರಸ ಅದಾವ್ರಿ. ಕೂಸಿಗೆ ಚುಚ್ಚತಾವು. ನಿಮ್ಮವು ಹತ್ತಿ ಮುಟ್ಟಿದ ಕೈ, ಮೆತ್ತಗದಾವು. ನೀವು ಬಂದು ನನ್ನ ಕೈ ಮ್ಯಾಲ ನಿಮ್ಮ ಕೈ ಇಡ್ರಿ. ನಾ ಕೆಳಗಿಂದ ಆಸರ ಕೊಡ್ತೀನಿ.”

ಹಾಡು ನಿಂತಿತು. ವ್ಯಾಪಾರಿಯ ಕೈಯ ಕೆಳಗೆ ತನ್ನ ಕೈ ಇಡುತ್ತೇನೆ ಎಂದು ತಾನಾಗಿಯೇ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಇಟ್ಟವರೆಲ್ಲ ಗತಿಯಿಲ್ಲದೆ ಇಟ್ಟವರು. ಈ ಮನುಷ್ಯನಿಗೆ ಕೂಸು ಕೈಗೆ ಬರುವುದರಲ್ಲಿತ್ತು. ಆದರೂ ಕೂಸಿನ ಮೈಗೆ ನೋವಾದೀತು ಎಂದು ಅವನು ತನ್ನ ಭಾಗ್ಯವನ್ನು ನಗುನಗುತ್ತ ಬಿಟ್ಟುಕೊಡುತ್ತಿದ್ದ. ಅವನ ಮುಖದಲ್ಲಿ ಸೋತ ಗುರುತು ಹುಡುಕಿದರೂ ಇರಲಿಲ್ಲ.

ವ್ಯಾಪಾರಿ ಎದ್ದು ನಿಂತ. ಏಣಿ ಇಲ್ಲ. ಒಂದು ಗಳಿಗೆ ಆ ಕಡೆ ಈ ಕಡೆ ನೋಡಿದ. ಆಮೇಲೆ, ಹೋಗಲಿ ಅತ್ತ ಎಂದು ಅಂಡಿಗೆಯ ಮೇಲಿನಿಂದ ಜಾರಿಯೇ ಬಿಟ್ಟ. ಅಂಡಿಗೆಗಳೂ ಅವನ ಹಿಂದೆಯೇ ಉರುಳಿದವು. ಒಂದು ಒಡೆದು ಪಡಸಾಲೆಯ ತುಂಬ ಹತ್ತಿ ಹಾರಿತು. ರುಮಾಲು ಒಂದು ಕಡೆ, ಸಾಹುಕಾರ ಒಂದು ಕಡೆ. ಬಿದ್ದರೂ ಮೂಗು ಮೇಲೆ ಎನ್ನುವ ಜಾತಿಯವನು, ಆ ದಿನ ಮೂಗಿನ ಮೇಲೆ ಹತ್ತಿ ಅಂಟಿದ್ದರೂ ಒರೆಸಿಕೊಳ್ಳಲು ನಿಲ್ಲಲಿಲ್ಲ. ಮೊಣಕಾಲಿನ ಮೇಲೆ ತೆವಳಿಕೊಂಡೇ ತೊಟ್ಟಿಲ ಕೆಳಗೆ ಬಂದ. ಬೀಗನ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಎರಡೂ ಅಂಗೈ ಮೇಲೆ ಮಾಡಿ ಒಡ್ಡಿದ. ರೈತ ಅವುಗಳ ಕೆಳಗೆ ತನ್ನ ಕೈ ತಂದು ಇಟ್ಟ.

ಮಗಳು ಬಗ್ಗಿ ಕೂಸನ್ನು ಅವನ ಕೈಯಲ್ಲಿ ಇಟ್ಟಳು.

ಕೂಸು ಬೆಚ್ಚಗಿತ್ತು. ಅಂದುಕೊಂಡದ್ದಕ್ಕಿಂತ ಹಗುರಾಗಿತ್ತು. ಅದು ಕಣ್ಣು ತೆರೆದು ತಗ್ಗಿನ ಕ್ಷೌರದಲ್ಲಿ ಸಲಸಲಕ್ಕೂ ಅರ್ಧವಾಗುತ್ತಿದ್ದ ಅಜ್ಜನ ಮೀಸೆಯನ್ನು ನೋಡಿತು. ವ್ಯಾಪಾರಿ ಉಸಿರು ಬಿಡುವುದನ್ನೂ ಮರೆತ. ನಾಕು ಜನರನ್ನು ಕೇಳಿ ಆರಿಸಿ ಇಟ್ಟುಕೊಂಡಿದ್ದ ಹೆಸರು ನೆನಪಿಗೆ ಬರಲಿಲ್ಲ. “ಏನಿತ್ತ್ರಿ ಹೆಸರು?” ಎಂದು ಪಿಸುಗುಟ್ಟಿದ. ರೈತ ಅವನ ಕಿವಿಯಲ್ಲಿ ಹೇಳಿದ, ಅವನು ಕೂಸಿನ ಕಿವಿಯಲ್ಲಿ ಹೇಳಿದ. ಹೆಸರು ಕೇಳಿದ ಕೂಸು ತನ್ನ ಕೆಲಸ ಮುಗಿಸಿತು. ವ್ಯಾಪಾರಿಯ ಅಂಗೈ ತುಂಬಿ, ಬೆರಳುಗಳ ಸಂದಿಯಿಂದ ಇಳಿದು, ಕೆಳಗಿದ್ದ ರೈತನ ಕೈಗೂ ಪಾಲು ಬಂತು.

ಗುಡಿಯ ಪೂಜಾರಿ ಅಲ್ಲೇ ನಿಂತಿದ್ದ. ಬಹಳ ದಿನದಿಂದ ಬಾಯಿ ಬಿಗಿಹಿಡಿದವನು ಅವನು. “ಅಂತೂ ಸಾಹುಕಾರ್ರ ಅಂಗೈಗೆ ತೀರ್ಥ ಬಿತ್ತಪಾ!” ಎಂದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು. ಹಾರುವ ಹತ್ತಿಯನ್ನು ಹಿಡಿಯುತ್ತ ಮಕ್ಕಳು ಪಡಸಾಲೆಯ ತುಂಬ ಕುಣಿದವು. ವ್ಯಾಪಾರಿಗೆ ಸಿಟ್ಟು ಬರುತ್ತದೆ ಎಂದು ಕೆಲವರು ಹಿಂದೆ ಸರಿದರು. ಸಿಟ್ಟು ಬರಲಿಲ್ಲ. ಅವನು ಅಲುಗದೆ ಕುಳಿತೇ ಇದ್ದ. ಕೂಸು ಎರಡು ಸಲ ಆಕಳಿಸಿ, ಅವನ ಕೈಯಲ್ಲೇ ನಿದ್ದೆಹೋಯಿತು.

ಹೆಂಡತಿ ಬಂದು ಪಕ್ಕದಲ್ಲಿ ಬಗ್ಗಿದಳು. ಇಷ್ಟು ವರ್ಷ ಕಾದ ಮಾತು, ಬಿಟ್ಟಾಳೆಯೆ? “ಏನ್ರೀ, ಈಗ ನಿಮ್ಮ ಕೈ ಯಾರ ಕೆಳಗ ಐತ್ರಿ?” ಎಂದು ಕೇಳಿದಳು.

“ಸಾವಕಾಶ ಮಾತಾಡು. ಕೂಸು ಮಲಗೈತಿ,” ಎಂದ ವ್ಯಾಪಾರಿ.

ಗುರುಗಳು ಕತೆ ನಿಲ್ಲಿಸಿ ಮೊರದ ಜೋಳವನ್ನು ಒಮ್ಮೆ ಕೇರಿದರು. ಕಲ್ಲಿನಾಥ ಮಾಸ್ತರರು ಹರಳು ಆರಿಸುವುದನ್ನು ಎಂದೋ ಬಿಟ್ಟು ನಗುತ್ತ ಕುಳಿತಿದ್ದರು. ಬರುವಾಗ ಮುಖದಲ್ಲಿ ಇದ್ದ ಬಿಗುವು ಸಡಿಲಿತ್ತು. ಆದರೆ ಅವರು ಮಾಸ್ತರರು. ಉತ್ತರ ಪತ್ರಿಕೆ ನೋಡಿ ನೋಡಿ ಪಳಗಿದ ಕಣ್ಣಿಗೆ ತಪ್ಪೊಂದು ಕಾಣದೆ ಇರುವುದಿಲ್ಲ.

“ಕತಿ ಚಲೋ ಐತ್ರಿ ಅಜ್ಜಾರ. ಆದ್ರ ನನಗ ಹೊಂದೂದಿಲ್ಲ. ಅಂವ ಕೈ ಒಡ್ಡಿದ್ದು ಸ್ವಂತ ಮೊಮ್ಮಗಗ. ದ್ರಾಕ್ಷಾಯಣಿ ನನಗೇನಾಗಬೇಕ್ರಿ? ಎ ಬಿ ಸಿ ಡಿ ಸೈತ ಬರದಾಕಿ ನನ್ನ ಹತ್ರ ಬಂದಳು, ಕಲಿಸಿದೆ. ಕಲಿತು ನನ್ನ ದಾಟಿ ಮ್ಯಾಲ ಏರಿ ಕುಂತಳು, ಅಷ್ಟ,” ಎಂದರು.

ಗುರುಗಳು ಮೊರ ಕೆಳಗಿಟ್ಟರು.

“ಆಕಿ ಏರುವಾಗ ಕೆಳಗ ಇದ್ದ ಕೈ ಯಾರದು, ಮಾಸ್ತರ?”

ಮಾಸ್ತರರು ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. “ನಾಳೆ ಊಟದ ಮ್ಯಾಲಿನ ಪಾಠ ನಂದೈತ್ರಿ, ಬರ್ತೀನಿ,” ಎಂದು ಎದ್ದು ನಿಂತರು.